ಮಂಜೂರನ ಸುಣ್ಣದ ಬೊಟ್ಟು

ಬೀಗರು ಬಂದು ಊಟಕ್ಕೆ ಕೂತ ದಿನವೇ ಸಂಡಾಸಿನ ಗುಂಡಿ ತುಂಬುತ್ತದೆ. ಇದು ಯಾವ ಶಾಸ್ತ್ರದಲ್ಲೂ ಬರೆದಿಲ್ಲ, ಆದರೆ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಯಾರನ್ನು ಕೇಳಿದರೂ ಹೌದೆನ್ನುತ್ತಾರೆ. ಅಂಥ ಹೊತ್ತಿನಲ್ಲಿ ಜನ ದೇವರಿಗಿಂತ ಮೊದಲು ನೆನೆಯುವುದು ಮಂಜೂರನನ್ನು. ಮೂಲೆಗೆ ಹೋಗಿ ಫೋನು ಹಚ್ಚಿ "ಲಗೂನ ಬಾರಪಾ" ಎಂದು ಪಿಸುಗುಡುತ್ತಾರೆ. ಅವನು ಟ್ರ್ಯಾಕ್ಟರಿಗೆ ಟ್ಯಾಂಕರು ಕಟ್ಟಿಕೊಂಡು ಬರುತ್ತಾನೆ, ನೂರಡಿ ಪೈಪು ಬಿಡುತ್ತಾನೆ, ಹೀರಿಕೊಂಡು ಹೋಗುತ್ತಾನೆ. ಅವನು ಓಣಿ ದಾಟುವ ಮೊದಲೇ ಅದೇ ಜನ ಮೂಗು ಮುಚ್ಚಿ ಬಾಗಿಲು ಹಾಕಿಕೊಳ್ಳುತ್ತಾರೆ. ಕೆಲಸ ಬೇಕು, ಕೆಲಸದವನು ಬೇಡ. ಮಂಜೂರನಿಗೆ ಇದರ ಸಿಟ್ಟು ಆರಿ ಎಷ್ಟೋ ವರ್ಷವಾಗಿತ್ತು.

ಅವನು ಹುಟ್ಟಿದ್ದು ಹೂವಿನ ಹಿಪ್ಪರಗಿಯಲ್ಲಿ. ನಾಲ್ಕು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಹನ್ನೊಂದು ವರ್ಷ ದೊಡ್ಡವಳಾದ ಅಕ್ಕ ದಾವಲಬಿಯೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಅವಳು ಮದುವೆಯಾಗಿ ಮುದ್ದೇಬಿಹಾಳಕ್ಕೆ ಹೊರಟ ದಿನ ಏಳು ವರ್ಷದ ಮಂಜೂರ ಟೆಂಪೋದಲ್ಲಿ ಗಂಟುಮೂಟೆಗಳ ನಡುವೆ ಹೊಕ್ಕು ಕೂತ. ಯಾರು ಎಳೆದರೂ ಇಳಿಯಲಿಲ್ಲ. ಮದುಮಗನೇ ಕೊನೆಗೆ ನಕ್ಕು, "ಇರಲಿ ಬಿಡ್ರಿ, ಸಾಮಾನದಾಗ ಇದೂ ಒಂದು ಬಂತು" ಎಂದನಂತೆ. ಅಂಥ ಭಾವ ಈಗ ಇಲ್ಲ, ತೀರಿಕೊಂಡು ಒಂಬತ್ತು ವರ್ಷವಾಯಿತು.

ಏಳನೆಯ ಇಯತ್ತೆಗೆ ಸಾಲೆಗೆ ಶರಣು ಹೊಡೆದ ಮಂಜೂರ ಟ್ರ್ಯಾಕ್ಟರು ಕಲಿತು, ಬಾಗೇವಾಡಿಯಲ್ಲಿ ಗುಂಡಿ ಖಾಲಿ ಮಾಡುವ ಗಾಡಿ ನಡೆಸುತ್ತಿದ್ದ ಸೋದರಮಾವ ನಬಿಸಾಬನ ಕೈಕೆಳಗೆ ಸೇರಿದ. ಮಾವ ಅವನಿಗೆ ಕಲಿಸಿದ್ದು ಎರಡು ಪಾಠ.

ಮೊದಲನೆಯದು, ಬಾಯಿಗೆ ಬೀಗ. "ಯಾರ ಮನಿ ಗುಂಡಿ ಯಾವಾಗ ತುಂಬತೈತಿ ಅನ್ನೂದು ನಿನ್ನ ಹೊಟ್ಟ್ಯಾಗ ಇರಬೇಕು, ಬಾಯಾಗಲ್ಲ. ಒಬ್ಬರ ಮನಿ ಮಾತು ಇನ್ನೊಬ್ಬರ ಮನ್ಯಾಗ ಆಡಿದಿ ಅಂದ್ರ, ನೀ ಗಾಡಿ ಹೊಡಿಯಾಕೂ ಲಾಯಕ್ಕಿಲ್ಲ."

ಎರಡನೆಯದು, ಸುಣ್ಣ. ಗುಂಡಿಯ ಮುಚ್ಚಳವನ್ನು ಯಾರೂ ಕಣ್ಣಿಗೆ ಕಾಣುವಂತೆ ಇಡುವುದಿಲ್ಲ. ಮೇಲೆ ಫರಸಿ ಕಲ್ಲು ಹಾಸುತ್ತಾರೆ, ಮಣ್ಣು ಎಳೆಯುತ್ತಾರೆ, ಹೂವಿನ ಕುಂಡ ಇಡುತ್ತಾರೆ. ಎರಡು ವರ್ಷ ಬಿಟ್ಟು ಬಂದರೆ ಮನೆಯವರಿಗೇ ಅದು ಎಲ್ಲಿದೆಯೆಂದು ನೆನಪಿರುವುದಿಲ್ಲ. ಅದಕ್ಕೆ ನಬಿಸಾಬ ಕೆಲಸ ಮುಗಿದ ಮೇಲೆ ಎಲೆಯಡಿಕೆಯ ಸುಣ್ಣದ ಡಬ್ಬಿ ತೆಗೆದು, ಮುಚ್ಚಳದ ನೇರಕ್ಕೆ ಗೋಡೆಯ ಮೇಲೆ ಹೆಬ್ಬೆರಳಿನಿಂದ ಒಂದು ಬೊಟ್ಟು ಒತ್ತುತ್ತಿದ್ದ. ಮಂಜೂರನೂ ಅದನ್ನೇ ಮುಂದುವರಿಸಿದ. ಅವನ ಬಲಗೈ ಹೆಬ್ಬೆರಳಿನ ತುದಿ ಪಂಪಿನ ಬೆಲ್ಟಿಗೆ ಸಿಕ್ಕಿ ಹಾರಿಹೋಗಿದ್ದರಿಂದ ಅವನ ಬೊಟ್ಟು ಗುಂಡಗೆ ಬರುತ್ತಿರಲಿಲ್ಲ. ಇಲಿ ಕಡಿದ ರೊಟ್ಟಿಯ ಹಾಗೆ ಒಂದು ಬದಿ ಕಮ್ಮಿ ಇರುತ್ತಿತ್ತು.

ಅಕ್ಕನ ಮನೆಯ ಗೋಡೆಯ ಮೇಲೂ ಅಂಥದ್ದೊಂದು ಬೊಟ್ಟಿತ್ತು. ಮುದ್ದೇಬಿಹಾಳದ ಬೇವಿನಗಿಡದ ಓಣಿಯಲ್ಲಿ ಕಟ್ಟಕಡೆಯ ಮನೆ ಅವಳದು. ಗಂಡ ಹೋದ ಮೇಲೆ ದಾವಲಬಿ ಜೋಳದ ಖಡಕ್ ರೊಟ್ಟಿ ಬಡಿದು ಮಾರಿ ಬದುಕು ಕಟ್ಟಿದ್ದಳು. ಅವಳ ರೊಟ್ಟಿ ಇಂಡಿಯ ಖಾನಾವಳಿಯವರೆಗೆ ಹೋಗುತ್ತಿತ್ತು. ಎಂಟು ತಿಂಗಳು ಯಾವ ತೊಂದರೆಯೂ ಇಲ್ಲ. ಮಳೆಗಾಲ ಬಂತೆಂದರೆ ಗ್ರಹಚಾರ ಶುರು. ಅಲ್ಲಿಯ ಎರೆಮಣ್ಣು ಒಂದೆರಡು ಮಳೆಗೆ ಉಬ್ಬಿ ಕೂತರೆ ಆಮೇಲೆ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗುಂಡಿಯಲ್ಲಿ ಇದ್ದದ್ದು ಮೇಲೆದ್ದು ಅಂಗಳಕ್ಕೆ ಬರುತ್ತದೆ. ಅಂಗಳದಲ್ಲಿ ಅದು ಹರಿಯುವಾಗ ಯಾವ ಮುಖ ಇಟ್ಟುಕೊಂಡು ರೊಟ್ಟಿ ಮಾರುವುದು? ದಾವಲಬಿ ತಾನಾಗಿಯೇ ಒಲೆ ಆರಿಸುತ್ತಿದ್ದಳು. ಹೋದ ಮಳೆಗಾಲದಲ್ಲಿ ಎರಡು ತಿಂಗಳು ಒಲೆ ಹೊತ್ತಲಿಲ್ಲ, ಮೂರು ಖಾನಾವಳಿಯವರು ಬೇರೆ ಕಡೆ ಹೋದರು. ಇನ್ನೊಂದು ಮಳೆಗಾಲ ಹೀಗಾದರೆ ರೊಟ್ಟಿ ಬಿಟ್ಟು ತಮ್ಮನ ಮನೆಗೆ ಬಂದು ಕೂರಬೇಕು. ಮಂಜೂರ ಬಾ ಎಂದು ಎಷ್ಟು ಸಲ ಕರೆದಿದ್ದ. "ಕೈ ಗಟ್ಟಿ ಇರೂತನಕ ನಾ ಯಾರ ಮನಿ ಅನ್ನಾನೂ ಉಣ್ಣೂದಿಲ್ಲ" ಎಂದು ಅವಳು ಮಾತು ಕಡಿದು ಹಾಕುತ್ತಿದ್ದಳು. ಅವಳಿಗೆ ಇದ್ದ ಆಸೆ ಒಂದೇ: ದೊಡ್ಡ ರಸ್ತೆಯವರಿಗೆ ಬಂದಿರುವ ಒಳಚರಂಡಿಯ ಕೊಳವೆ ತನ್ನ ಓಣಿಗೂ ಬರಲಿ.

ಹೀಗಿರುವಾಗ ನಕ್ಷೆಯ ಸುದ್ದಿ ಬಂತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರುಗಳಲ್ಲಿ ಒಳಚರಂಡಿ ಎಲ್ಲಿಯವರೆಗೆ ಇದೆ, ಎಲ್ಲಿಂದ ಮುಂದೆ ಇಲ್ಲ ಎಂದು ಸರ್ವೆಯವರು ಓಣಿ ಓಣಿ ತಿರುಗಿ ಗುರುತು ಮಾಡಿದ್ದರು. ಇದ್ದಲ್ಲಿ ನೀಲಿ ಬಣ್ಣ, ಇಲ್ಲದಲ್ಲಿ ಕೆಂಪು. ಮುಂದಿನ ಹದಿನೈದು ವರ್ಷ ಹೊಸ ಕೊಳವೆ ಬೀಳುವುದು ಕೆಂಪು ಇದ್ದ ಕಡೆಗೆ ಮಾತ್ರ. ನಕ್ಷೆಯನ್ನು ಮುದ್ದೇಬಿಹಾಳದ ಒಂದು ಸಭಾಭವನದಲ್ಲಿ ತೂಗುಹಾಕಿದ್ದರು; ತಕರಾರು ಇದ್ದವರು ಶನಿವಾರ ಸಂಜೆ ಐದರೊಳಗೆ ಹೇಳಬೇಕು.

ಬುಧವಾರ ಮಂಜೂರ ನೋಡಲು ಹೋದ. ಧೋತರದಷ್ಟು ಉದ್ದನೆಯ ಹಾಳೆಗಳು. ಅವನು ಬೆರಳಿಟ್ಟು ಬಸ್ ನಿಲ್ದಾಣದಿಂದ ಹೊರಟು, ದೊಡ್ಡ ರಸ್ತೆ ಹಿಡಿದು, ಬೇವಿನಗಿಡದ ಓಣಿಗೆ ತಿರುಗಿದ. ಓಣಿ ಪೂರ್ತಿ ನೀಲಿ!

ಮೊದಲು ನಗು ಬಂತು. ತನ್ನ ಕಣ್ಣು ತಪ್ಪಿಸಿ ಕೊಳವೆ ಯಾವಾಗ ಬಂದು ಮಲಗಿತು? ಹಿಂದೆಯೇ ಇನ್ನೊಂದು ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದು ಬೇಡ. ಓಣಿ ನೀಲಿಯಾಗಿ ಉಳಿದರೆ ಆ ಮೂವತ್ತೆಂಟು ಮನೆಗಳಿಗೆ ಕೊಳವೆ ಬರುವುದಿಲ್ಲ, ತನ್ನ ಗಾಡಿಗೆ ಹದಿನೈದು ವರ್ಷ ಕೆಲಸ ತಪ್ಪುವುದಿಲ್ಲ. ಒಂದು ಗಳಿಗೆ ಆ ಯೋಚನೆ ಹಿತವಾಗಿಯೇ ಇತ್ತು. ಆಮೇಲೆ ಅಕ್ಕನ ಆರಿದ ಒಲೆ ಕಣ್ಣ ಮುಂದೆ ಬಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಇಷ್ಟು ವರ್ಷ ಹೊಲಸಿನಲ್ಲಿ ಕೈಯಾಡಿಸಿದವನಿಗೆ ಎಂದೂ ಆಗದ ಹೇಸಿಗೆ.

ನಕ್ಷೆಯ ಹತ್ತಿರ ಟ್ಯಾಬ್ ಹಿಡಿದು ಕೂತಿದ್ದವಳು ಸುನೀತಾ, ಸಾಲೋಟಗಿಯ ಹುಡುಗಿ. ನಾಲ್ಕೂ ಊರಿನ ಸರ್ವೆಯಲ್ಲಿ ಓಣಿ ತಿರುಗಿದವಳು ಅವಳೇ.

"ಮೇಡಮ್ಮಾರ, ಈ ಓಣಿಗೆ ಕೊಳವಿ ಐತಿ ಅಂತ ಯಾರು ಹೇಳಿದ್ರಿ?"

"ಓಣಿ ಬಾಯಾಗಿನ ಮೊದಲನೇ ಮನಿ ಆಯಿ ಹೇಳಿದ್ರು, ನಮ್ಮ ಮನಿಗೆ ಕೊಳವಿ ಬಂದೈತಿ ಅಂತ. ಒಳಗ ಹೋದ್ರ ಹೊಸಾ ಕಾಂಕ್ರೀಟ್ ರಸ್ತಾ. ಮುಚ್ಚಳ ಎಲ್ಲಾ ಅದರ ಕೆಳಗ ಹೋಗ್ಯಾವ ಅನಕೊಂಡ್ವಿ. ಮತ್ತ ಮನಿಮನಿಗೂ ಈ ಗುರ್ತು ಇತ್ತಲ್ರಿ." ಅವಳು ಟ್ಯಾಬಿನಲ್ಲಿ ಒಂದು ಫೋಟೊ ತೆಗೆದು ತೋರಿಸಿದಳು. "ಇಂಡಿ, ಸಿಂದಗ್ಯಾಗ ಮನಿ ಪೈಪು ಕೊಳವಿಗೆ ಕೂಡಿಸಿದವರು ಗೋಡಿಗೆ ಹಿಂಗ ಸುಣ್ಣದ ಗುರ್ತು ಹಾಕಿದ್ರು. ಅವೆರಡೂ ಊರು ಮುಗಿಸಿನ ಇಲ್ಲಿಗೆ ಬಂದಿದ್ವಿ."

ಫೋಟೊದಲ್ಲಿದ್ದದ್ದು ಒಂದು ಬದಿ ಕಮ್ಮಿ ಇದ್ದ ಬಿಳಿ ಬೊಟ್ಟು. ಅದರ ಪಕ್ಕದಲ್ಲಿ ಅಕ್ಕನ ಮನೆಯ ಹಸಿರು ಬಾಗಿಲು.

ಮಂಜೂರ ತನ್ನ ಮೊಂಡು ಹೆಬ್ಬೆರಳನ್ನು ಫೋಟೊದ ಪಕ್ಕಕ್ಕೆ ಹಿಡಿದ. "ಇದು ನಂದರಿ. ಇದು ನಮ್ಮ ಅಕ್ಕನ ಮನಿ. ಕೊಳವಿ ಐತಿ ಅಂತ ಅಲ್ಲರಿ ಈ ಬೊಟ್ಟು. ಗುಂಡಿ ಐತಿ ಅಂತ."

ಸುನೀತಾ ಬೆರಳನ್ನು ನೋಡಿದಳು, ಫೋಟೊವನ್ನು ನೋಡಿದಳು. ಜಾಣೆ, ವಾದ ಮಾಡಲಿಲ್ಲ. "ಹಂಗಾರ ಎಷ್ಟು ಬೊಟ್ಟೋ ಅಷ್ಟು ಗುಂಡಿ" ಎಂದು ತಲೆ ಹಿಡಿದುಕೊಂಡಳು. "ಉಳಿದ ಮನೀವು?"

"ಉಳಿದವರ ಸುದ್ದಿ ನಾ ಹೇಳೂದಿಲ್ಲರಿ. ಅವರನ್ನ ಕೇಳ್ರಿ."

"ಕೇಳತೇನಿ. ಆದ್ರ ಒಂದು ತೊಡಕು ಐತಿ, ಅಣ್ಣಾರ. ಮೊದಲನೇ ಮನಿಗೆ ಕೊಳವಿ ಐತಿ ಅಂತ ಇರೂತನಕ ಒಳಗಿನವರು ನೂರು ಗುಂಡಿ ತೋರಿಸಿದ್ರೂ, ಕೊಳವಿ ಬಾಗಲದಾಗ ಇದ್ರೂ ಕೂಡಿಸಿಕೊಂಡಿಲ್ಲ ಅಂತ ಬರೀಬೇಕಾಗತೈತಿ. ಓಣಿ ನೀಲಿನ ಉಳಿತೈತಿ. ಆ ಆಯಿ ತಮ್ಮ ಮಾತು ತಿದ್ದಬೇಕು. ಇಲ್ಲಾ, ಅಲ್ಲಿ ಗುಂಡಿ ಐತಿ ಅಂತ ಗೊತ್ತಿದ್ದವರು ಯಾರಾದ್ರೂ ನನ್ನ ಮುಂದ ಹೇಳಬೇಕು. ಶನಿವಾರ ಬರತೇನಿ."

ಗೊತ್ತಿದ್ದವನು ಮಂಜೂರ. ಬಾಯಿ ಬಿಡಬಾರದವನೂ ಮಂಜೂರ. ಇತ್ತ ದರಿ, ಅತ್ತ ಪುಲಿ.

ಮೊದಲನೇ ಮನೆ ಶೆಟ್ಟೆವ್ವನದು. ಎಪ್ಪತ್ತು ದಾಟಿದ ಮುದುಕಿ, ಮಾತಿಗೆ ನಿಂತರೆ ವಕೀಲರೂ ಹಿಂದೆ ಸರಿಯಬೇಕು. ಹನ್ನೆರಡು ವರ್ಷದ ಹಿಂದೆ ಮಗನಿಗೆ ಸಿಂದಗಿಯ ಹೆಣ್ಣು ಗೊತ್ತು ಮಾಡುವಾಗ ಬೀಗರು, ಮನೆಗೆ ಒಳಚರಂಡಿ ಉಂಟೋ ಎಂದು ಕೇಳಿದ್ದರು. "ದೊಡ್ಡ ರಸ್ತಾಕ್ಕ ಹತ್ತಿ ಐತಿ ನಮ್ಮ ಮನಿ, ಇಲ್ಲದ ಏನು?" ಎಂದುಬಿಟ್ಟಳು. ಮಗ ಮದುವೆಯಾಗಿ ಸಿಂದಗಿಯಲ್ಲೇ ನೆಲೆಸಿದ. ಸುಳ್ಳು ಮಾತ್ರ ಇವಳ ಹತ್ತಿರವೇ ಉಳಿಯಿತು. ಒಮ್ಮೆ ಆಡಿದ ಸುಳ್ಳನ್ನು ದಿನಾ ಸಾಕಬೇಕಲ್ಲ! ಗುಂಡಿಯ ಮುಚ್ಚಳದ ಮೇಲೆ ಮನೆ ಮುಂದೆ ಕಟ್ಟೆ ಕಟ್ಟಿಸಿ, ಒಂದು ಫರಸಿಯನ್ನು ಮಾತ್ರ ಗಾರೆ ಹಾಕದೆ ಸಡಿಲ ಬಿಡಿಸಿದಳು. ಬೆಳಗಿನಿಂದ ಸಂಜೆಯ ತನಕ ಅದೇ ಫರಸಿಯ ಮೇಲೆ ಕೂತು ಓಣಿಯ ನ್ಯಾಯ ಬಗೆಹರಿಸುತ್ತಿದ್ದಳು. ಓಣಿಯ ಹೆಂಗಸರು ಸಂತೆಗೆ ಹೋದ ಹೊತ್ತು ನೋಡಿ ಮಂಜೂರ ಬಂದು ಕೆಲಸ ಮುಗಿಸಿ ಹೋಗಬೇಕು. ಗೋಡೆಗೆ ಬೊಟ್ಟು ಒತ್ತಲು ಅವಳು ಬಿಟ್ಟಿರಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಕೆಲಸ ಮುಗಿದ ಮೇಲೆ ಕೈಗೆ ಸೋಪು ಕೊಟ್ಟು, ತಾನು ಕುಡಿಯುವಂಥದ್ದೇ ಸ್ಟೀಲಿನ ಲೋಟದಲ್ಲಿ ಅವನಿಗೆ ಚಹಾ ಕೊಟ್ಟು, ಪಕ್ಕದಲ್ಲಿ ಕೂರಿಸಿ ಮಾತಾಡಿಸುತ್ತಿದ್ದವಳು ಆ ಊರಲ್ಲಿ ಅವಳೊಬ್ಬಳೇ.

ಗುರುವಾರ ದಾವಲಬಿ ಮನೆಮನೆಗೆ ಹೋಗಿ ವಿಷಯ ತಿಳಿಸಿದಳು. ಒಳಗಿನ ಮೂವತ್ತೇಳು ಮನೆಯವರೂ ಗುಂಡಿ ತೋರಿಸಲು ಒಪ್ಪಿದರು. ಶುಕ್ರವಾರ ಮಂಜೂರ ಶೆಟ್ಟೆವ್ವನ ಕಟ್ಟೆಗೆ ಬಂದು, ನಕ್ಷೆಯ ಕಥೆಯನ್ನೆಲ್ಲ ಬಿಡಿಸಿ ಹೇಳಿದ.

"ಆಯಿ, ನೀವು ಒಂದು ಮಾತು ಅಂದ್ರ ಇಡೀ ಓಣಿಗೆ ಕೊಳವಿ ಬರತೈತಿ."

"ಅಂದ್ರ ನಾಳೆ ಓಣಿ ಮುಂದ ನಾ ಸುಳ್ಳಿ ಅಂತ ನಿಂದರಬೇಕೇನು? ಸಿಂದಗಿ ಮಟಾ ಸುದ್ದಿ ಹೋಗಲಿ ಅಂತೀಯೇನು?"

"ನಮ್ಮ ಅಕ್ಕನ ಒಲಿ ಆರತೈತಿ, ಆಯಿ."

ಶೆಟ್ಟೆವ್ವ ಮುಖ ತಿರುಗಿಸಿದಳು. ಆ ಕಡೆ ನೋಡುತ್ತಲೇ ಕೇಳಿದಳು: "ನೀನಾ ಹೇಳತೀಯೇನು ಆ ಹುಡುಗಿಗೆ?"

"ಇಲ್ರಿ. ನಾ ಹೇಳೂದಿಲ್ಲ."

"ಯಾರ ಬಲ್ಲರು! ಅಕ್ಕನ ಮುಂದ ನಾ ಯಾವ ಗಿಡದ ತೊಪ್ಪಲ?" ಎಂದು ಗೊಣಗಿ ಅವಳು ಒಳಗೆ ಹೋದಳು. ಅಂದು ಮಂಜೂರನಿಗೆ ಅಲ್ಲಿ ಚಹಾ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಮೂರಕ್ಕೆ ಸುನೀತಾ ಬಂದಳು. ಓಣಿಗೆ ಓಣಿಯೇ ಹೊರಗೆ ನಿಂತಿತ್ತು. ದಾವಲಬಿ ಕೈಯ ಹಿಟ್ಟು ತೊಳೆಯದೆ ಹಾಗೆಯೇ ಓಡಿ ಬಂದಿದ್ದಳು. ಶೆಟ್ಟೆವ್ವ ಮಾತ್ರ ಕಟ್ಟೆಯ ಮೇಲೆ, ಅದೇ ಫರಸಿಯ ಮೇಲೆ, ಕಾಲು ಮಡಚಿ ಕೂತಿದ್ದಳು.

"ಆಯಿ, ಮತ್ತೊಮ್ಮಿ ಕೇಳತೇನ್ರಿ. ನಿಮ್ಮ ಮನಿಗೆ ಕೊಳವಿ ಐತೋ, ಗುಂಡಿ ಐತೋ?"

"ಒಮ್ಮಿ ಹೇಳೇನಲ್ಲ" ಎಂದಳು ಶೆಟ್ಟೆವ್ವ. ದನಿಯಲ್ಲಿ ಎಂದಿನ ಗತ್ತಿರಲಿಲ್ಲ.

ಸುನೀತಾ ಮಂಜೂರನ ಕಡೆ ತಿರುಗಿದಳು. "ಅಣ್ಣಾರ, ಈ ಓಣಿಯ ಎಲ್ಲಾ ಗುಂಡಿ ನಿಮಗ ಗೊತ್ತು. ಈ ಮನ್ಯಾಗ ಐತೇನ್ರಿ? ಐದಕ್ಕ ತಕರಾರಿನ ಪಟ್ಟಿ ಮುಚ್ಚತೈತಿ."

ಮಂಜೂರ ನೆಲ ನೋಡಿದ. ಐತ್ರಿ. ಎರಡೇ ಅಕ್ಷರ, ಅಂದರೆ ಮುಗಿಯಿತು. ಅಕ್ಕ ತನ್ನನ್ನೇ ನೋಡುತ್ತಿದ್ದಾಳೆ ಎಂಬುದು ಅವನಿಗೆ ತಲೆಯೆತ್ತದೆಯೂ ಗೊತ್ತಿತ್ತು. ತಾಯಿಯಂಥ ಅಕ್ಕ. ಅವಳ ಅನ್ನದ ಮೇಲೆ ತನ್ನ ಕೈಯಾರೆ ಸುಣ್ಣ ಬಳಿದದ್ದಾಗಿತ್ತು, ಈಗ ಒರೆಸುವ ಅವಕಾಶ ಬಂದರೂ ನಾಲಿಗೆ ಏಳುತ್ತಿಲ್ಲ. ಅವನಿಗೆ ಅಳು ಬಂತು. ಆದರೂ ಬಾಯಿ ಬಿಡಲಿಲ್ಲ.

"ಅಣ್ಣಾರ?"

"ಮನಿಯವರನ್ನ ಕೇಳ್ರಿ, ಮೇಡಮ್ಮಾರ" ಎಂದ. ಅಷ್ಟೇ.

ಯಾರೋ ಹಿಂದಿನಿಂದ "ಏ ಹೇಳೋ, ಅಕ್ಕನ ಮುಖಾ ನೋಡ್ಯಾರ ಹೇಳೋ" ಎಂದು ಒದರಿದರು. ಮಂಜೂರ ಕದಲಲಿಲ್ಲ. ಶೆಟ್ಟೆವ್ವ ಅವನನ್ನು ದಿಟ್ಟಿಸಿ ನೋಡುತ್ತಲೇ ಇದ್ದಳು. ಅವನು ಬಾಯಿ ಬಿಡುತ್ತಾನೆ, ಆಗ ಅವನ ಮೇಲೆ ಹರಿಹಾಯಬೇಕು ಎಂದು ರಾತ್ರಿಯಿಡೀ ಬೈಗುಳ ಜೋಡಿಸಿ ಇಟ್ಟುಕೊಂಡಿದ್ದವಳು ಅವಳು. ಆ ಬೈಗುಳಗಳಿಗೆಲ್ಲ ಈಗ ಕೆಲಸವೇ ಇಲ್ಲದಂತಾಯಿತು. ಮೊಣಕಾಲಿಗೆ ಕೈಯೂರಿ ಎದ್ದು, ಕಟ್ಟೆಯಿಂದ ಕೆಳಗಿಳಿದಳು.

"ಏ ಮಂಜೂರ, ಹಾರಿ ತಗೊಂಡು ಬಾ."

"ಆಯಿ..."

"ತಾ ಅಂದ್ರ ತಾ! ಒಡಹುಟ್ಟಿದಾಕಿ ಹೊಟ್ಟಿ ಮ್ಯಾಲೆ ಬಂದ್ರೂ ನನ್ನ ಮಾನ ಕಾಯತಿ ನೀ. ನಾ ಏನು ಕಲ್ಲೇನು?" ಅವಳು ಸುನೀತಾಳ ಕಡೆ ತಿರುಗಿ ಗಟ್ಟಿಯಾಗಿ, ಓಣಿಯ ಕೊನೆಗೂ ಕೇಳುವಂತೆ ಹೇಳಿದಳು: "ಬರಕೋ ತಂಗಿ. ಕೊಳವಿ ಇಲ್ಲ. ಹನ್ನೆರಡು ವರ್ಷದಿಂದ ಗುಂಡಿ ಮ್ಯಾಲೆ ಕುಂತೇನಿ."

ಮಂಜೂರ ಹಾರೆ ತಂದು ಫರಸಿ ಎಬ್ಬಿಸಿದ. ಕೆಳಗೆ ಮುಚ್ಚಳ ಕಂಡಿತು. ಸುನೀತಾ ಫೋಟೊ ಹಿಡಿದಳು. ಶೆಟ್ಟೆವ್ವ ಸೆರಗು ಮುಖಕ್ಕೆ ಎಳೆದುಕೊಂಡು, ಓಣಿ ನಗುವುದನ್ನು ಕಾಯುತ್ತ ನಿಂತಳು. ಯಾರೂ ನಗಲಿಲ್ಲ. ದಾವಲಬಿ ಹತ್ತಿರ ಬಂದು ಅವಳ ತೋಳು ಹಿಡಿದಳು.

"ಆಯಿ, ಇದು ನಮಗೆಲ್ಲಾರಿಗೂ ಗೊತ್ತಿತ್ತರಿ."

"ಏನಂದಿ?"

"ಇವನ ಗಾಡಿ ರಸ್ತಾದ ಮ್ಯಾಲೆ ಕಂಡ ಕೂಡಲೇ ನಾವೆಲ್ಲಾರೂ ಚೀಲ ಹಿಡಕೊಂಡು ಸಂತಿಗೆ ಹೊಂಟುಬಿಡತಿದ್ವಿ. ಕೊಳ್ಳೂದು ಇರಲಿ, ಬಿಡಲಿ. ನಾವು ಮನ್ಯಾಗ ಇದ್ರ ನಿಮಗ ನಾಚಿಕಿ ಆಗತೈತಿ ಅಂತ. ಅದಕ್ಕ ಇವತ್ತೂ ಮೇಡಮ್ಮಾರ ಮುಂದ ನಾವ್ಯಾರೂ ಬಾಯಿ ಬಿಡಲಿಲ್ಲ."

ಶೆಟ್ಟೆವ್ವ ಸೆರಗು ಸರಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಎಲ್ಲರೂ ಹೌದೆಂಬಂತೆ ತಲೆಯಾಡಿಸಿದರು. "ಹನ್ನೆರಡು ವರ್ಷ ಸುಮ್ನ ಸಂತಿಗೆ ಹೋದ್ರೇನ ನೀವು! ಹುಚ್ಚು ರಂಡೇರಾ!" ಎಂದು ಬೈಯುತ್ತಲೇ ಅವಳಿಗೆ ನಗು ಬಂತು, ನಗುತ್ತಲೇ ಕಣ್ಣಲ್ಲಿ ನೀರು ಬಂತು. ಆಮೇಲೆ ಓಣಿಯೇ ನಕ್ಕಿತು. ಸುನೀತಾ ಮನೆಯಿಂದ ಮನೆಗೆ ಓಡಿದಳು. ಎಲ್ಲರೂ ಕುಂಡ ಸರಿಸಿದರು, ಮಣ್ಣು ಕೆದರಿದರು. ಬೊಟ್ಟು ಇದ್ದ ಕಡೆ ಹುಡುಕುವ ಕೆಲಸವೇ ಇರಲಿಲ್ಲ. ಐದಕ್ಕೆ ಇನ್ನೂ ಹತ್ತು ನಿಮಿಷ ಇರುವಾಗ ಅವಳು ಟ್ಯಾಬನ್ನು ಮಂಜೂರನ ಮುಂದೆ ಹಿಡಿದಳು. ಬೇವಿನಗಿಡದ ಓಣಿ ಕೆಂಪಾಗಿತ್ತು, ಬಾಯಿಂದ ಕೊನೆಯವರೆಗೆ.

"ಸೋಮವಾರ ಬಾಗೇವಾಡಿಗೆ ಹೋಗಬೇಕು. ಅಲ್ಲೂ ನಿಮ್ಮ ಬೊಟ್ಟು ನೋಡಿ ಎಷ್ಟು ಓಣಿ ನೀಲಿ ಮಾಡೇನೋ! ತಕರಾರಿನ ಪಟ್ಟಿಗೆ ಅವನ್ನೂ ಈಗ ಸೇರಿಸೇನಿ. ಜೋಡಿ ಬರತೀರೇನು?" ಎಂದು ಕೇಳಿದಳು ಸುನೀತಾ. ಆಮೇಲೆ ಸಂಕೋಚದಿಂದ, "ಎಲ್ಲಾ ಕಡೆ ಕೊಳವಿ ಬಂದ್ರ ನಿಮ್ಮ ಗಾಡಿ ಗತಿ?"

"ನಾಕೂ ಊರಿನ ಗುಂಡಿ ಮುಗಿಯೂತನಕ ನನ್ನ ಹಲ್ಲು ಬಿದ್ದಿರತಾವ ಬಿಡ್ರಿ. ಬರತೇನಿ. ಆದ್ರ ಮನಿಯವರನ್ನ ನೀವಾ ಕೇಳಬೇಕು" ಎಂದ ಮಂಜೂರ.

ಅವಳು ಹೋದ ಮೇಲೆ ಮಂಜೂರ ಅಕ್ಕನ ಮನೆಗೆ ಬಂದು ಒಲೆಯ ಮುಂದೆ ಕೂತ. ಮೂರು ದಿನದಿಂದ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಈಗ ಮೊದಲ ಸಲ ಹಸಿವು ಹಸಿವಿನ ಹಾಗೆ ಅನ್ನಿಸಿತು. ಜೀವಕ್ಕೆ ಎಂಥ ಹಗುರ! ದಾವಲಬಿ ರೊಟ್ಟಿ ಬಡಿಯತೊಡಗಿದಳು. ಎರಡು ರೊಟ್ಟಿ ಆದ ಮೇಲೆ ಹೆಂಚಿನ ಮೇಲೆಯೇ ಕಣ್ಣಿಟ್ಟು ಕೇಳಿದಳು.

"ಆಯಿ ಏಳದಿದ್ರ ನೀ ಹೇಳತಿದ್ದಿಯೇನು?"

ಮಂಜೂರನಿಗೆ ಸುಳ್ಳು ಹೇಳಬೇಕೆನಿಸಿತು. ಆಗಲಿಲ್ಲ.

"ಹೇಳತಿರಲಿಲ್ಲ, ಅಕ್ಕಾ."

"ನನ್ನ ಒಲಿ ಆರಿದ್ರೂ?"

"ಆರಿದ್ರೂ."

ದಾವಲಬಿ ಕೈ ನಿಲ್ಲಿಸಿ ತಮ್ಮನನ್ನು ನೋಡಿದಳು. ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. "ನಾ ಅಲ್ಲಿ ನಿಂತು ಏನು ಬೇಡಕೊಳ್ಳಾಕತ್ತಿದ್ದೆ, ಗೊತ್ತೈತೇನು? ಇಂವ ಹೇಳಿಬಿಡಲಿ ಅಂತ ಅಲ್ಲೋ. ನನ್ನ ಸಲುವಾಗಿ ಇಂವ ಹೇಳೂದು ಬ್ಯಾಡ ಅಂತ" ಎಂದಳು. ಮಂಜೂರ ಮೊಣಕಾಲಿನ ನಡುವೆ ತಲೆ ಹಾಕಿ ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟ. ಅವಳು ಹಿಟ್ಟಿನ ಕೈಯಿಂದಲೇ ಅವನ ತಲೆ ನೇವರಿಸಿದಳು, ಬಿಸಿ ರೊಟ್ಟಿ ತಾಟಿಗೆ ಹಾಕಿ ಮುಂದಕ್ಕೆ ಸರಿಸಿದಳು, "ಉಣ್ಣು" ಎಂದಳು.